ಚಪ್ಪಟೆಯಾದ ನಾಲ್ಕು ಕ್ಯಾನುಗಳು

ಲಾಯಿಲದ ಒಣಕಸ ಘಟಕದ ಅಂಗಳದಲ್ಲಿ ಬದ್ರುದ್ದೀನ್ ಚೀಲವೊಂದನ್ನು ಇಳಿಸಿದ. ಗುಜರಿ ಕೊಳ್ಳಲು ಬಂಟ್ವಾಳದಿಂದ ಬರುವವನು ಅವನು. ಕೊಂಡದ್ದನ್ನು ವಾಪಸು ತಂದದ್ದು ಇದೇ ಮೊದಲು.

"ಅಲ್ಯೂಮಿನಿಯಂ ಅಂತ ಕೊಟ್ಟದ್ದರಲ್ಲಿ ನಾಲ್ಕು ಕಬ್ಬಿಣ ಉಂಟು ಕಾಂತಿಯಕ್ಕ. ಕಣ್ಣಿಗೆ ಪೊರೆ ಬಂತಾ ಹೇಗೆ?"

ಜ್ಯೂಸು, ಬಿಯರಿನ ಖಾಲಿ ಕ್ಯಾನುಗಳನ್ನು ಬೇರ್ಪಡಿಸುವುದು ಕಾಂತಿಯ ಕೆಲಸ. ಹೆಬ್ಬೆರಳಿನಿಂದ ಒತ್ತಿದರೆ ಅಲ್ಯೂಮಿನಿಯಂ ಸುಲಭವಾಗಿ ತಗ್ಗುತ್ತದೆ. ಕಬ್ಬಿಣದ ತಗಡು ಬಗ್ಗುವುದಿಲ್ಲ, ಮೈಯುದ್ದಕ್ಕೆ ಬೆಸುಗೆಯ ಗೆರೆಯೂ ಇರುತ್ತದೆ. ಮೂರು ವರ್ಷಗಳಲ್ಲಿ ಅವಳ ಬೆರಳು ತಪ್ಪಿರಲಿಲ್ಲ. ಅವಳ ಮಾತನ್ನು ಮರುಪ್ರಶ್ನೆಯಿಲ್ಲದೆ ನಂಬುತ್ತಿದ್ದ ಜಾಗ ಇದೊಂದೇ.

ಮೇಲ್ವಿಚಾರಕಿ ನಿಖಿತಾ ಅಯಸ್ಕಾಂತ ಹಿಡಿದಳು. ತುಳಿದು ಚಪ್ಪಟೆ ಮಾಡಿದ್ದ ನಾಲ್ಕೂ ಕ್ಯಾನುಗಳು ಟಕ್ಕೆಂದು ಅಂಟಿಕೊಂಡವು.

"ನಾಳೆಯಿಂದ ನೀವು ಪ್ಲಾಸ್ಟಿಕ್ ಮೇಜಿಗೆ ಹೋಗಿ ಅಕ್ಕ. ಇಲ್ಲಿಗೆ ಬೇರೆಯವರನ್ನು ಹಾಕ್ತೇನೆ."

"ಅದು ಅಲ್ಯೂಮಿನಿಯಮ್ಮೇ. ಬೆಸುಗೆ ಎಲ್ಲುಂಟು, ತೋರಿಸಿ ನೋಡುವ."

"ಮ್ಯಾಗ್ನೆಟ್ ಸುಳ್ಳು ಹೇಳ್ತದಾ ಮಾರಾಯ್ರೆ?" ಬದ್ರುದ್ದೀನ್ ನಕ್ಕ.

ಕಾಂತಿಗೆ ಕಾರಣ ಗೊತ್ತಿತ್ತು. ಆದರೆ ಅದು ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಮನೆಯ ಸಂಗತಿಯನ್ನು ಅವಳು ಈ ಅಂಗಳಕ್ಕೆ ಎಂದೂ ತಂದವಳಲ್ಲ. ಪ್ಲಾಸ್ಟಿಕ್ ಮೇಜಾದರೇನು, ಅದೂ ಕೆಲಸವೇ ಎಂದುಕೊಂಡಳು. ಅಷ್ಟರಲ್ಲಿ ಕೈ ಕತ್ತರಿಯನ್ನು ಎತ್ತಿಕೊಂಡಿತ್ತು.

ಒಂದು ಕ್ಯಾನನ್ನು ಸೀಳಿದಳು. ಒಳಗಿನಿಂದ ಬಿಯರ್ ಬಾಟಲಿಯ ಮುಚ್ಚಳಗಳು ಉದುರಿದವು. ಅಭ್ಯಾಸಬಲದಿಂದ ಎಣಿಸಿದಳು: ಐದು. ಅಯಸ್ಕಾಂತ ಮುಚ್ಚಳಗಳನ್ನು ಹಿಡಿಯಿತು, ಖಾಲಿ ತಗಡನ್ನು ಹಿಡಿಯಲಿಲ್ಲ.

"ಇದು ನಿಮಗೆ ಹೇಗೆ ಗೊತ್ತಾಯ್ತು?" ನಿಖಿತಾ ಕೇಳಿದಳು.

"ನನ್ನ ಗಂಡ ಹೀಗೇ ಮಾಡುವುದು. ಬಾಟಲಿ ಹೇಗೂ ಅಂಗಡಿಗೆ ವಾಪಸು ಹೋಗ್ತದೆ. ಗುಡಿಸುವಾಗ ಮುಚ್ಚಳ ನನ್ನ ಕಣ್ಣಿಗೆ ಬೀಳಬಾರದಲ್ಲ, ಜ್ಯೂಸಿನ ಕ್ಯಾನಿಗೆ ತುಂಬಿಸಿ ತುಳಿದು ಇಡ್ತಾರೆ. ಕುಡಿದದ್ದು ಒಂದೇ ಅಂತ ಹೇಳ್ತಾರೆ. ನಾನು ಕ್ಯಾನು ಬಿಡಿಸಿ ಎಣಿಸ್ತೇನೆ, ಆದರೂ ನಂಬಿದ ಹಾಗೆ ಮಾಡ್ತೇನೆ."

ಹೇಳಿ ಮುಗಿಸಿದಾಗ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ಸಣ್ಣ ಮಾತಾಗಿತ್ತೇ ಅದು?

"ಇದು ಅಳದಂಗಡಿಯ ಮದುವೆಮನೆಯ ಮೆಹೆಂದಿ ಪಾರ್ಟಿಯ ಚೀಲವಲ್ಲವಾ," ಬದ್ರುದ್ದೀನ್ ಚೀಲದ ಚೀಟಿ ನೋಡಿ ಮೆಲ್ಲಗೆ ಹೇಳಿದ. "ಅಲ್ಲಿಯೂ ಹೆಂಡತಿಗೆ ಹೆದರುವವರು ಇದ್ದಾರೆ ಹಾಗಾದರೆ."

ನಿಖಿತಾ ಅಯಸ್ಕಾಂತವನ್ನು ಡ್ರಾಯರಿನೊಳಗೆ ಹಾಕಿದಳು. "ನೀವು ಇಲ್ಲೇ ಇರಿ ಅಕ್ಕ."

ಕಾಂತಿ ಉಳಿದ ಮೂರನ್ನೂ ಸೀಳಿದಳು. ಮುಚ್ಚಳಗಳು ನೆಲಕ್ಕೆ ಬಿದ್ದವು. ಈ ಸಲ ಅವಳು ಎಣಿಸಲಿಲ್ಲ.