ಹೇಳಿದಷ್ಟೇ ಮಾಡುವ ಮಿಸ್

ಮಕ್ಕಳು ನನಗಿಟ್ಟ ಹೆಸರು ರೇಡಿಯೋ ಮಿಸ್. ಇಟ್ಟವನು ಯಾರೆಂದು ಗೊತ್ತು, ಅವನಿಗೆ ಕೊನೆಯ ಬೆಂಚಿನಿಂದ ಮೊದಲನೆಯದಕ್ಕೆ ಬಡ್ತಿಯನ್ನೂ ಕೊಟ್ಟಿದ್ದೇನೆ. ಆದರೆ ಹೆಸರು ಸುಳ್ಳೆನ್ನಲಾರೆ. ಹದಿನಾರು ವರ್ಷದಿಂದ ಏಳನೇ ತರಗತಿಗೆ ಓದು, ಬರಹ, ಮಾತು ಕಲಿಸುತ್ತಿದ್ದೇನೆ. ಓದು ಬರಹ ಅವರಿಗೆ ಬಿಟ್ಟು, ಮಾತನ್ನು ಹೆಚ್ಚಾಗಿ ನಾನೇ ಆಡಿ ಮುಗಿಸಿಬಿಡುತ್ತೇನೆ.

ಈ ವರ್ಷ ಹೊಸದೊಂದು ಆಟ ಶುರು ಮಾಡಿದೆ. ಪ್ರತಿಯೊಬ್ಬರೂ ತಮಗೆ ಬರುವ ಒಂದು ಕೆಲಸವನ್ನು ಮಾಡುವುದು ಹೇಗೆಂದು ಬರೆಯಬೇಕು. ಪಕ್ಕದವರು ಅದನ್ನು ಓದಿ ಬಿಟ್ಟುಹೋದದ್ದನ್ನು ಹುಡುಕಬೇಕು. ಆಮೇಲೆ ಬರೆದವರು ಮುಂದೆ ಬಂದು ಬಾಯಲ್ಲಿ ಹೇಳಬೇಕು, ಅವರು ಹೇಳಿದಂತೆ ನಾನು ಮಾಡುತ್ತೇನೆ. ಹೇಳಿದಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಮೊದಲು ಬಂದವನು ಲಂಬು. ಬಾಟಲಿಯಿಂದ ನೀರು ಕುಡಿಯುವುದನ್ನು ಕಲಿಸುತ್ತೇನೆಂದು ಎದೆಯುಬ್ಬಿಸಿ ನಿಂತ. ಬಾಟಲಿ ಎತ್ತಿ ಕುಡಿಯಿರಿ ಎಂದ, ನಾನು ಮುಚ್ಚಿದ ಬಾಟಲಿಯನ್ನೇ ಬಾಯಿಗಿಟ್ಟು ಚೀಪಿದೆ. ಮುಚ್ಚಳ ತೆಗೆಯಿರಿ ಎಂದ, ತೆಗೆದೆ. ಬಗ್ಗಿಸಿ ಎಂದ, ಎಲ್ಲಿಗೆಂದು ಹೇಳಲಿಲ್ಲ. ಅವನ ಬೂಟಿನ ಮೇಲೆ ಬಗ್ಗಿಸಿದೆ. ಮರುದಿನ ಅವನು ಹದಿನಾಲ್ಕು ಸಾಲು ಬರೆದು ತಂದ, ಒಂದು ಹನಿಯೂ ಚೆಲ್ಲಲಿಲ್ಲ. ಇನ್ನೊಬ್ಬಳು ನನ್ನ ಸ್ವೆಟರಿನ ಗುಂಡಿಗಳನ್ನು ಒಂದೊಂದು ತೂತು ಮೇಲೆ ಹಾಕಿಸಿ, ಬಿಚ್ಚಲು ಹೇಳದೆ ಜಾಗಕ್ಕೆ ಹೋಗಿ ಕೂತಳು. ಸಂಜೆಯವರೆಗೆ ಸೊಟ್ಟ ಸ್ವೆಟರಿನಲ್ಲೇ ಓಡಾಡಿದೆ.

ಹೀಗೆ ಮೂವತ್ತೊಂದು ಜನ ಬಾಯಿಬಿಟ್ಟರು. ಉಳಿದವಳು ಗುಮ್ಮಿ.

ಗುಮ್ಮನಗುಸ್ಕ ಎಂದು ಯಾರೋ ಕರೆದದ್ದು ಕಿರಿದಾಗಿ ಗುಮ್ಮಿಯಾಗಿತ್ತು. ಕಿಟಕಿಯ ಪಕ್ಕದ ಕೊನೆಯ ಬೆಂಚು ಅವಳದು. ಬರೆಯಲು ಕೂತರೆ ನನ್ನನ್ನೇ ನಾಚಿಸುತ್ತಾಳೆ. ಹೊಲಿಗೆ ಮಿಷಿನ್ನಿಗೆ ದಾರ ಪೋಣಿಸುವುದರ ಬಗ್ಗೆ ಎರಡು ಪುಟ ಬರೆದಿದ್ದಳು, ಅದನ್ನು ಓದಿದ ಮೇಲೆ ಜನ್ಮದಲ್ಲಿ ಸೂಜಿ ಹಿಡಿಯದ ನನಗೂ ಧೈರ್ಯ ಬಂತು. ಆದರೆ ಎಬ್ಬಿಸಿ ನಿಲ್ಲಿಸಿದರೆ ಮುಗಿಯಿತು, ಬಾಯಿಗೆ ಬೀಗ. ನಾನು ಪುಸಲಾಯಿಸಿದೆ, ಗದರಿದೆ, ಒಮ್ಮೆ ಪಿರಿಯಡ್ ಮುಗಿಯುವವರೆಗೂ ನಿಲ್ಲಿಸಿದೆ. ಅವಳು ಬ್ಯಾಗನ್ನು ಅವಚಿಕೊಂಡು ನೆಲ ನೋಡುತ್ತಿದ್ದಳು.

ಅವಳ ಅಮ್ಮ ಟೈಲರ್. ಕರೆಸಿದಾಗ ಕತ್ತಿನಲ್ಲಿದ್ದ ಅಳತೆ ಟೇಪನ್ನು ತೆಗೆಯುವುದನ್ನೂ ಮರೆತು ಬಂದರು. ಮಗಳು ಮಾತಾಡುವುದಿಲ್ಲವೆಂದರೆ ಅವರು ನಂಬಲೇ ಇಲ್ಲ. ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ಒಂದು ಕೆಲಸವಂತೆ, ಬಟ್ಟೆ ಕೊಡಲು ಬಂದವರಿಗೆಲ್ಲ ಕಾಲರ್ ಹೇಗಿರಬೇಕೆಂದು ಪಾಠ ಹೇಳುತ್ತಾಳಂತೆ. ಹೆಡ್ ಮಿಸ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾತಿನ ಪರೀಕ್ಷೆಗೆ ಇಪ್ಪತ್ತು ಅಂಕ, ಸೊನ್ನೆ ಬಂದವರಿಗೆ ಏಳನೇ ತರಗತಿಯೇ ಇನ್ನೊಂದು ವರ್ಷ, ಶುಕ್ರವಾರ ತಾವೇ ಬಂದು ಕೂರುವುದಾಗಿ ಹೇಳಿದರು. ಅಮ್ಮನ ಮುಖ ಬಾಡಿತು. ನನಗೆ ಆ ರಾತ್ರಿ ಊಟ ಸೇರಲಿಲ್ಲ, ಸಿಟ್ಟು ಮಾತ್ರ ಗುಮ್ಮಿಯ ಮೇಲೇ ಬಂತು.

ಶುಕ್ರವಾರ ಹೆಡ್ ಮಿಸ್ ಅಂಕದ ಪುಸ್ತಕ ಹಿಡಿದು ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡರು. ಗುಮ್ಮಿಯ ಸರದಿ ಬಂತು. ಎದ್ದಳು, ನೆಲ ನೋಡಿದಳು. ನಾನು ಎಂದಿನಂತೆ ಬೇಗ ಬೇಗ, ಎಲ್ಲರೂ ನಿನಗೇ ಕಾಯ್ತಿದ್ದಾರೆ ಎಂದೆ. ಮೂವತ್ತೊಂದು ಕತ್ತುಗಳು ಅವಳತ್ತ ತಿರುಗಿದವು. ಹೆಡ್ ಮಿಸ್ ಪೆನ್ನಿನ ಕ್ಯಾಪ್ ತೆಗೆದರು.

ಆಗ ಗುಮ್ಮಿ ಬ್ಯಾಗನ್ನು ಬೆಂಚಿನ ಮೇಲಿಟ್ಟು ಸೀದಾ ಮುಂದೆ ಬಂದಳು. ಬೋರ್ಡಿನ ಮೇಲೆ ತನ್ನ ವಿಷಯವನ್ನು ದುಂಡಗೆ ಬರೆದಳು: ಕ್ಲಾಸಿನಲ್ಲಿ ಮಾತಾಡುವುದು ಹೇಗೆ.

"ಮಿಸ್, ಡಸ್ಟರ್ ಮೇಜಿನ ಮೇಲಿಡಿ," ಎಂದಳು.

ದನಿ ಸಣ್ಣದಿತ್ತು, ಆದರೆ ಇತ್ತು. ನನಗೆ ಕುಣಿಯಬೇಕೆನ್ನಿಸಿತು. ಡಸ್ಟರ್ ಇಟ್ಟೆ. ಕಿಟಕಿ ಪಕ್ಕದ ತನ್ನ ಜಾಗಕ್ಕೆ ಹೋಗಲು ಹೇಳಿದಳು, ಹೋದೆ. ಕೂತುಕೊಳ್ಳಿ ಎಂದಳು, ಕೂತೆ, ಮಂಡಿ ಡೆಸ್ಕಿಗೆ ಬಡಿಯಿತು. ಬ್ಯಾಗನ್ನು ಅವಚಿಕೊಳ್ಳಲು ಹೇಳಿದಳು, ಆಮೇಲೆ ಎದ್ದು ನಿಲ್ಲಲು ಹೇಳಿದಳು. ಎಲ್ಲರೂ ಮಿಸ್ ಕಡೆ ನೋಡಿ ಎಂದಳು. ಹೆಡ್ ಮಿಸ್ ಕಡೆಗೆ ತಿರುಗಿ, ನೀವೂ ಮೇಡಂ, ಎಂದು ಸೇರಿಸಿದಳು.

"ಈಗ ಮಾತಾಡಿ ಮಿಸ್."

ಏನು ಮಾತಾಡಲಿ ಎಂದೆ.

"ಏನಾದ್ರೂ. ಬೇಗ ಬೇಗ. ಎಲ್ಲರೂ ನಿಮಗೇ ಕಾಯ್ತಿದ್ದಾರೆ."

ನಾನು ಬಾಯಿ ತೆರೆದೆ. ಹದಿನಾರು ವರ್ಷ ನಿಲ್ಲದ ರೇಡಿಯೋ ಅಲ್ಲಿಗೆ ನಿಂತಿತು. ಆ ಬೆಂಚಿನಿಂದ ನೋಡಿದರೆ ಬರೀ ಕಣ್ಣು, ಲಂಬುವಿನ ಕಿಸಕ್ಕೆಂಬ ನಗು, ಹೆಡ್ ಮಿಸ್‌ರ ತೆರೆದ ಪೆನ್ನು. ಇಂಗು ತಿಂದ ಮಂಗನಂತೆ ನಿಂತೆ. ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಿದ್ದೇನೆಂದು ತಿಳಿದಾಗ ನಿಜವಾಗಿ ನಾಚಿಕೆಯಾಯಿತು.

ಗುಮ್ಮಿ ನನ್ನನ್ನು ಒಂದಷ್ಟು ಹೊತ್ತು ಹಾಗೇ ಬೇಯಲು ಬಿಟ್ಟಳು. ಆಮೇಲೆ ಅವಳ ದನಿ ಮೆತ್ತಗಾಯಿತು. ಎಲ್ಲರೂ ಕಿಟಕಿಯಿಂದ ಆಚೆ ನೋಡಿ ಎಂದಳು, ಮೇಡಂ ಕೂಡ. ಕತ್ತುಗಳೆಲ್ಲ ಒಟ್ಟಿಗೆ ತಿರುಗಿದವು. ಆಚೆ ನೋಡಲು ಸೈಕಲ್ ಸ್ಟ್ಯಾಂಡ್ ಬಿಟ್ಟು ಏನೂ ಇರಲಿಲ್ಲ.

"ಕೂತ್ಕೊಂಡೇ ಹೇಳಿ ಮಿಸ್. ಮೆಲ್ಲಗೆ. ಒಂದೇ ಮಾತು ಸಾಕು."

ಕೂತೆ. ಭಯ ಆಯ್ತು ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಯಾರೂ ಇತ್ತ ತಿರುಗಲಿಲ್ಲ, ತಿರುಗಲು ಯಾರೂ ಹೇಳಿರಲಿಲ್ಲ. ಹೆಡ್ ಮಿಸ್ ಸೈಕಲ್ ಸ್ಟ್ಯಾಂಡಿನ ಕಡೆಗೇ ಮುಖ ಮಾಡಿಕೊಂಡು, ಇಪ್ಪತ್ತಕ್ಕೆ ಇಪ್ಪತ್ತು ಬರೆಯಬೇಕು, ಪುಸ್ತಕ ನೋಡಬಹುದಾ ಎಂದು ಕೇಳಿದರು.

"ಸ್ವಲ್ಪ ತಡೀರಿ ಮೇಡಂ," ಎಂದಳು ಗುಮ್ಮಿ. "ಮಿಸ್ ಇನ್ನೂ ಏನೋ ಹೇಳೋ ಹಾಗಿದೆ."

ಹೌದು, ಇತ್ತು. ಈ ಹುಡುಗಿಯನ್ನು ಒಂದಿಡೀ ಪಿರಿಯಡ್ ಇಲ್ಲೇ ನಿಲ್ಲಿಸಿದ್ದೆನಲ್ಲ.

"ದಿನಾ ಹೀಗೇ ಆಗುತ್ತಾ ನಿಂಗೆ?" ಎಂದು ಕೇಳಿದೆ.

ಅವಳು ಡಸ್ಟರ್ ಎತ್ತಿಕೊಂಡಳು.

"ದಿನಾ ಇಲ್ಲ ಮಿಸ್. ನಿಮ್ಮ ಪಿರಿಯಡ್‌ನಲ್ಲಿ ಮಾತ್ರ."

ಕಿಟಕಿಯ ಕಡೆ ಮುಖ ಮಾಡಿದ್ದ ಹೆಡ್ ಮಿಸ್‌ರ ಭುಜ ಕುಲುಕತೊಡಗಿತು.