ಚುಕ್ಕಾಣಿಯ ಹಿಡಿ

ಹಾಯಿದೋಣಿಗಳ ಮೇಳದ ಸಂಜೆ ದಡದ ಸಭಾಂಗಣದಲ್ಲಿ ಊಟವಿತ್ತು. ನನ್ನ ಗಂಡ ಸತ್ತ ಮೇಲೆ ಇದೇ ಮೊದಲ ಮೇಳ. ಅವನ ದೋಣಿಯನ್ನು ಹಾಯಿದೋಣಿ ಸಂಘದ ಅಧ್ಯಕ್ಷರಿಗೆ ಕೊಡುವುದಾಗಿ ಮೈದುನ ನನ್ನನ್ನು ಕೇಳದೆಯೇ ಮಾತು ಕೊಟ್ಟಿದ್ದ. ಚುಕ್ಕಾಣಿಯ ಮರದ ಹಿಡಿಯನ್ನು ವೇದಿಕೆಯ ಮೇಲೆ ನಾನೇ ಅವರ ಕೈಗಿಡಬೇಕಂತೆ. ಫೋಟೊ ಚೆನ್ನಾಗಿ ಬರುತ್ತದಂತೆ.

ಹಿಡಿ ನನ್ನ ಮಡಿಲಲ್ಲಿತ್ತು. ಗಂಡನ ಅಂಗೈ ತಾಗುತ್ತಿದ್ದ ಕಡೆ ಬಣ್ಣ ಹೋಗಿ ಮರ ನುಣುಪಾಗಿತ್ತು.

ಬೆಳಿಗ್ಗೆ ಮೇಳಕ್ಕೆ ಈ ಸಂಘದವರೆಲ್ಲ ದೋಣಿಗೆ ಎಂಜಿನ್ ಹಾಕಿಕೊಂಡೇ ಬಂದವರು. ಕ್ಯಾಮೆರಾ ಕಂಡಾಗ ಹಾಯಿ ಬಿಚ್ಚಿದರು, ಕ್ಯಾಮೆರಾ ಹೋದಾಗ ಮಡಚಿದರು. ಈಗ ತಟ್ಟೆ ಹಿಡಿದು ಬಿರುಗಾಳಿಯ ಕತೆ ಹೇಳುತ್ತಿದ್ದರು. ಒಂದೊಂದು ತುತ್ತಿಗೂ ಅಲೆ ಒಂದಾಳು ಎತ್ತರ ಬೆಳೆಯುತ್ತಿತ್ತು.

"ಅತ್ತಿಗೆ, ಸ್ವಲ್ಪ ನಗುಮುಖ ಇರ್ಲಿ. ದೊಡ್ಡವರು ಅವ್ರು," ಎಂದ ಮೈದುನ.

"ಎಷ್ಟು ದೊಡ್ಡವರು?"

"ಶುರು ಮಾಡ್ಬೇಡಿ."

ಅವನ ಎದೆಯ ಮೇಲೆ 'ಸಹಕಾರ್ಯದರ್ಶಿ' ಎಂಬ ಬ್ಯಾಡ್ಜ್ ಹೊಳೆಯುತ್ತಿತ್ತು. ಹೊಸದು.

ಸತ್ತವನಿಗಾಗಿ ಒಂದು ನಿಮಿಷ ಮೌನ ಆಚರಿಸಿದರು. ಬಾಯಲ್ಲಿದ್ದುದನ್ನು ನುಂಗಲು ಅಷ್ಟು ಹೊತ್ತು ಸಾಕಾಯಿತು.

ಅಧ್ಯಕ್ಷರು ಮೈಕ್ ಹಿಡಿದರು. "ಸಂಘದ ಚುಕ್ಕಾಣಿ ಹಿಡಿದಿದ್ದಾಯ್ತು. ಇವತ್ತಿಂದ ನಮ್ಮ ತಮ್ಮನಂತಿದ್ದವನ ದೋಣಿ ಚುಕ್ಕಾಣಿನೂ ನಂದೇ!" ಎಲ್ಲರೂ ನಕ್ಕರು. "ಒಂದು ಎಂಜಿನ್ ಕೂರಿಸ್ಬಿಟ್ರೆ, ಮುಂದಿನ ವರ್ಷ ಅದೇ ಮುಂದೆ. ನೋಡ್ತಿರಿ."

ನಾನು ವೇದಿಕೆ ಹತ್ತಿದೆ. ಅವರು ಹಿಡಿಯ ಒಂದು ತುದಿಗೆ ಕೈ ಹಾಕಿ ಫೋಟೊದವನ ಕಡೆ ತಿರುಗಿದರು. ನಾನು ಬಿಡಲಿಲ್ಲ.

"ಬಿಡಮ್ಮ," ಎಂದರು, ನಗು ಕೆಡದ ಹಾಗೆ.

"ದೋಣಿ ಕೊಡಲ್ಲ."

"ನಿನ್ನ ಮೈದುನ ಹೇಳಿದ್ನಲ್ಲ?"

"ಅವನ ಹತ್ರ ದೋಣಿ ಇದ್ರೆ ಅದನ್ನ ಇಸ್ಕೊಳ್ಳಿ."

"ಮತ್ತೆ ಇದನ್ನ ನಡೆಸೋರು ಯಾರು? ಹಾಯಿ ಬಿಚ್ಚಿ ನೀನು ನಡೆಸ್ತೀಯಾ?"

"ಇವತ್ತು ನಿಮ್ಮಲ್ಲಿ ಯಾರು ಹಾಯಿ ಬಿಚ್ಚಿ ನಡೆಸಿದ್ರಿ?"

ಮೈಕ್ ಅದನ್ನು ಎಲ್ಲರಿಗೂ ಬಡಿಸಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದರು. ಅಧ್ಯಕ್ಷರ ಬೆರಳು ಸಡಿಲವಾದವು.

"ಇನ್ನೊಂದ್ಸಲ ಮೇಡಂ, ಈ ಕಡೆ ನೋಡಿ," ಎಂದ ಫೋಟೊದವನು.

ನಾನು ಹಿಡಿಯೊಂದಿಗೆ ಇಳಿಯುವಾಗ ಮೈದುನ ಮೆಟ್ಟಿಲ ಬಳಿ ಅಡ್ಡ ಬಂದ. "ಅತ್ತಿಗೆ, ನನ್ನ ಮಾನ ಹೋಯ್ತು!"

"ಬ್ಯಾಡ್ಜ್ ಇದೆಯಲ್ಲ."

ಕಾರ್ಯಕ್ರಮ ಮುಗಿಯಿತೆಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು. ಊಟದ ಸಾಲು ಮತ್ತೆ ಉದ್ದವಾಯಿತು.

ಹೊರಗೆ ನನ್ನ ಗಂಡನ ದೋಣಿಯನ್ನು ದಡಕ್ಕೆ ಕಟ್ಟಲಾಗಿತ್ತು. ಒಳಗಿಳಿದು ಹಿಡಿಯನ್ನು ಅದರ ಜಾಗಕ್ಕೆ ಸೇರಿಸಿ ಬೆಣೆ ಬಡಿದೆ.