ಬೂದು ಗಾಡಿಯ ಬೆಸುಗೆ

ಮೇಸ್ತ್ರಿಯ ತಂಗಿಯ ಗಂಡ ಹಲ್ಲು ಮಾಡುವವನು. ಅಂದರೆ ದಂತವೈದ್ಯನಲ್ಲ, ವೈದ್ಯರು ಅಳತೆ ತೆಗೆದು ಕಳಿಸಿದ ಅಚ್ಚುಗಳನ್ನು ಮೇಜಿನ ಮೇಲಿಟ್ಟುಕೊಂಡು, ಕಂಡರಿಯದವರ ಬಾಯಿಗೆ ಹೊಂದುವ ಹಲ್ಲುಗಳನ್ನು ಕೆತ್ತಿ ಕೊಡುವವನು. ಇಪ್ಪತ್ತು ವರ್ಷ ಹೀಗೆ ಬೆನ್ನು ಬಗ್ಗಿಸಿ ಕೂತವನು ನಲವತ್ತೈದನೆಯ ವಯಸ್ಸಿನಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು: ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡು ಓಡುವಂಥ ಸ್ಪೋರ್ಟ್ಸ್ ಕಾರು. ಹೊಸದು ಕೈಗೆಟುಕುವ ಮಾತಲ್ಲ, ಯಾರಾದರೂ ಓಡಿಸಿ ಬಿಟ್ಟದ್ದಾದರೂ ಸರಿ. ತಂಗಿ ಒಂದು ವಾರ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಆಮೇಲೆ ಎರಡು ಷರತ್ತು ಹಾಕಿದಳು. ಎಂಟು ಲಕ್ಷ ಅಂದರೆ ಎಂಟೇ ಲಕ್ಷ, ಮೇಲೆ ಒಂದು ಕಾಸೂ ಇಲ್ಲ. ಮತ್ತೆ, ಅಣ್ಣ ನೋಡಿ ಒಪ್ಪುವ ತನಕ ಯಾವ ಗಾಡಿಗೂ ಕೈ ಹಾಕುವಂತಿಲ್ಲ.

ಅಣ್ಣನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗುದ್ದಿಸಿಕೊಂಡು ಬಂದ ಕಾರುಗಳ ತಗಡನ್ನು ಬಡಿದು, ಎಳೆದು, ಬೆಸೆದು ಮೊದಲಿನ ಆಕಾರಕ್ಕೆ ತರುವ ಟಿಂಕರಿಂಗ್ ಕೆಲಸ ಅವನದು. ಬಾಗಿಲ ಮೇಲೆ ಅಂಗೈ ಆಡಿಸಿ, ಕಣ್ಣಿಗೆ ಕಾಣದ ತಗ್ಗನ್ನು ಇಲ್ಲಿದೆ ಎಂದು ತೋರಿಸಬಲ್ಲವನು. ತಂಗಿಯ ಎರಡನೆಯ ಷರತ್ತು ಕಿವಿಗೆ ಬಿದ್ದಾಗ ಮೇಲೆ ಗೊಣಗಿದರೂ ಒಳಗೊಳಗೇ ಹಿಗ್ಗಿದ.

ಒಂದು ತಿಂಗಳಲ್ಲಿ ಇಬ್ಬರೂ ಮೂರು ಗಾಡಿ ನೋಡಿದರು. ಮೊದಲನೆಯದು ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಉಗುಳಿ ಪಕ್ಕದ ಮನೆಯವರನ್ನೆಲ್ಲ ಹೊರಗೆ ಕರೆಯಿತು. ಎರಡನೆಯದು ನೋಡಲು ಮದುವಣಗಿತ್ತಿ. ಮೇಸ್ತ್ರಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದಾಗ ಅದರ ತುದಿಯಲ್ಲಿ ಒಣಗಿದ ಕೆಸರಿನ ಗೆರೆ. ಎಲ್ಲೋ ನೆರೆ ನೀರಿನಲ್ಲಿ ಮುಳುಗಿ ಎದ್ದ ಗಾಡಿ. ಮೂರನೆಯದರಲ್ಲಿ ಬೆರಳಿಟ್ಟು ತೋರಿಸುವ ದೋಷವಿರಲಿಲ್ಲ, ಬೆಲೆ ಮಾತ್ರ ಹನ್ನೊಂದು ಲಕ್ಷ. ತಂಗಿಯ ಗಂಡ ಅದರ ಸ್ಟೀರಿಂಗ್ ಹಿಡಿದು ಸುಮ್ಮನೆ ಐದು ನಿಮಿಷ ಕೂತಿದ್ದು, ಮಾಲೀಕರಿಗೆ ನಮಸ್ಕಾರ ಹೇಳಿ ಎದ್ದುಬಂದ.

ನಾಲ್ಕನೆಯದು ಗ್ಯಾರಂಟಿಯ ಯಾರ್ಡಿನಲ್ಲಿತ್ತು. ಹಳೆಯ ಕಾರುಗಳನ್ನು ಕೊಂಡು ಮಾರುವ ಆ ಮನುಷ್ಯ ಎರಡು ಮಾತಿಗೊಮ್ಮೆ ಗ್ಯಾರಂಟಿ ಎನ್ನುತ್ತಿದ್ದದ್ದರಿಂದ ಅದೇ ಅವನ ಹೆಸರಾಗಿ ನಿಂತಿತ್ತು. ಮೇಸ್ತ್ರಿಯ ಶೆಡ್ಡಿಗೆ ಬರುವ ಅರ್ಧ ಕೆಲಸ ಅವನ ಯಾರ್ಡಿನದೇ. ಹಾಗಾಗಿ ಅಲ್ಲಿಗೆ ಹೋದರೆ ಬೆಲೆಯಲ್ಲಿ ನಾಲ್ಕು ಕಾಸು ಬಿಟ್ಟಾನು ಎಂದು ಮೇಸ್ತ್ರಿಯೇ ಕರೆದುಕೊಂಡು ಹೋದ.

ಬೂದು ಬಣ್ಣದ ಗಾಡಿ. ಕೂತರೆ ಕಾಲು ನೀಳವಾಗಿ ಮುಂದೆ ಚಾಚಿಕೊಳ್ಳುವಂಥದ್ದು. ಹೇಳಿದ ಬೆಲೆ ಎಂಟೂವರೆ. ತಂಗಿಯ ಗಂಡ ಅದನ್ನು ಹೊರವಲಯದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತಂದ. ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿ ಅವನನ್ನು ಹಾಗೆ ಯಾವತ್ತೂ ಕಂಡಿರಲಿಲ್ಲ. ಮೂರನೇ ಗೇರಿನಿಂದ ನಾಲ್ಕಕ್ಕೆ ಹೋಗುವಾಗ ಇಂಜಿನ್ನಿನ ದನಿ ಏರಿದಂತೆ, ಹಲ್ಲುಗಳ ಮೇಲೆ ಬಗ್ಗಿ ಬಗ್ಗಿ ಗೂನು ಬಿದ್ದಿದ್ದ ಆ ಬೆನ್ನು ನೆಟ್ಟಗಾಯಿತು. ಯಾರ್ಡಿಗೆ ಮರಳಿದ ಮೇಲೂ ಅವನು ಇಳಿಯಲಿಲ್ಲ.

ಮೇಸ್ತ್ರಿ ತನ್ನ ಕೆಲಸಕ್ಕೆ ಇಳಿದ. ಬಾನೆಟ್ ಎತ್ತಿ ನೋಡಿದ, ಚಕ್ರಗಳ ಹಿಂದೆ ಟಾರ್ಚ್ ಬಿಟ್ಟು ನೋಡಿದ. ಕೊನೆಗೆ ಸೀಟಿನ ಹಿಂದೆ, ಬಾಗಿಲ ಹೊಸ್ತಿಲಿನ ಪಕ್ಕ ಹಾಸಿದ್ದ ಕಾರ್ಪೆಟ್ಟಿನ ಅಂಚನ್ನು ಎತ್ತಿದ.

ಗಾಡಿಯ ನೆಲಕ್ಕೆ ಅಡ್ಡಲಾಗಿ ಒಂದು ಬೆಸುಗೆ ಹೋಗಿತ್ತು. ಬೆಸುಗೆಯ ಮೇಲೆ ನೀರಿಳಿಯದಂತೆ ಬಳಿಯುವ ಅಂಟನ್ನು ಬೇರೆಯವರು ಬ್ರಷ್ಷಿನಲ್ಲಿ ತೀಡುತ್ತಾರೆ; ಮೇಸ್ತ್ರಿಗೆ ಹೆಬ್ಬೆರಳಿನಿಂದ ಒಂದೇ ಎಳೆತಕ್ಕೆ ನುಣುಪು ಮಾಡುವ ರೂಢಿ. ಅವನ ಹೆಬ್ಬೆರಳಲ್ಲಿದ್ದ ಹಳೆಯ ಗಾಯದ ಗೀರು ಆ ಅಂಟಿನ ಉದ್ದಕ್ಕೂ ಕೂದಲೆಳೆಯಂತೆ ಮೂಡಿ ಒಣಗಿತ್ತು.

ಮೂರು ವರ್ಷದ ಹಿಂದಿನ ಮಾತು. ಗ್ಯಾರಂಟಿ ಎರಡು ಗಾಡಿಗಳನ್ನು ಲಾರಿಯಲ್ಲಿ ಹೇರಿಸಿ ತಂದಿದ್ದ. ಒಂದರ ಹಿಂಭಾಗ ಅಪ್ಪಚ್ಚಿ, ಇನ್ನೊಂದರ ಮುಂಭಾಗ ಇಲ್ಲವೇ ಇಲ್ಲ. ಚೆನ್ನಾಗಿದ್ದ ಎರಡು ಅರ್ಧಗಳನ್ನು ಕತ್ತರಿಸಿ ಒಂದು ಮಾಡಿಕೊಡಬೇಕೆಂದ. ಹನ್ನೊಂದು ದಿನ ಹಿಡಿದ ಕೆಲಸ. ಅಳತೆಯಲ್ಲಿ ಎಲ್ಲೂ ಎರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಾರದಂತೆ ಕೂಡಿಸಿದ್ದ. ಆ ಬೆಸುಗೆಯ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಆಗ ಅದು ನೀಲಿ ಬಣ್ಣದಲ್ಲಿತ್ತು. ಬೂದು ಬಳಿದದ್ದು ಬೇರೆ ಯಾರೋ. ಯಾವುದಕ್ಕೆ ಇದು ಎಂದು ಮೇಸ್ತ್ರಿ ಕೇಳಿರಲಿಲ್ಲ. ಎಲ್ಲೋ ಶೋಕಿಗೆ ನಿಲ್ಲಿಸುತ್ತಾರೇನೋ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ತಲೆಯೆತ್ತಿದಾಗ ಗ್ಯಾರಂಟಿ ಎದುರಿಗೇ ನಿಂತಿದ್ದ. ಅವನ ಮುಖದಲ್ಲಿ ಗಾಬರಿಯ ಗೆರೆಯೂ ಇರಲಿಲ್ಲ. ಮೇಸ್ತ್ರಿ ನಮ್ಮವರೇ, ಅವರ ಕೈ ತಗಲಿದ ಗಾಡಿಗೆ ನನ್ನ ಗ್ಯಾರಂಟಿ ಯಾಕೆ ಬೇಕು ಎಂದು ನಗುತ್ತ ತಂಗಿಯ ಗಂಡನಿಗೆ ಹೇಳಿದ.

ಆಗಲೇ ಹೇಳಿಬಿಡಬೇಕಿತ್ತು. ಅದರ ಬದಲು ಮೇಸ್ತ್ರಿ ಬೇಡ ಎನ್ನಿಸಲು ಬೇರೆ ಕಾರಣ ಹುಡುಕಿದ. ಟೈರು ನಾಲ್ಕೂ ಮುಗಿದಿವೆ ಎಂದ. ತಂಗಿಯ ಗಂಡ ಅದನ್ನೇ ಹಿಡಿದು ಚೌಕಾಸಿಗೆ ನಿಂತ. ಬೆಲೆ ಎಂಟೂಕಾಲಿಗೆ ಇಳಿಯಿತು. ಕ್ಲಚ್ಚು ಗಟ್ಟಿಯಾಗಿದೆ, ಆರು ತಿಂಗಳೂ ಬಾರದು ಎಂದ. ಎಂಟಾಯಿತು. ಮೇಲ್ಛಾವಣಿಯ ರಬ್ಬರ್ ಸೀಳಿದೆ, ಮಳೆ ಬಂದರೆ ತೊಡೆಯ ಮೇಲೇ ಸೋರುತ್ತದೆ ಎಂದ. ಗ್ಯಾರಂಟಿ ನಿಟ್ಟುಸಿರು ಬಿಟ್ಟು ಏಳೂಮುಕ್ಕಾಲಿಗೆ ಬಂದ. ಮೇಸ್ತ್ರಿ ಒಂದೊಂದು ಕಲ್ಲು ಎಸೆದಂತೆಲ್ಲ ಗಾಡಿ ತಂಗಿ ಎಳೆದ ಗೆರೆಯೊಳಕ್ಕೆ ತಾನೇ ಬಂದು ಕೂರುತ್ತಿತ್ತು. ತಂಗಿಯ ಗಂಡ ಅವನ ಭುಜ ಅದುಮಿ, ನಿಮ್ಮಂಥವರು ಜೊತೆಗಿದ್ದರೆ ಸಾಕು ಭಾವ ಎಂದ. ನಾಳೆ ಬೆಳಿಗ್ಗೆ ಮುಂಗಡ ತರುವುದೆಂದು ಮಾತಾಯಿತು.

ಸಂಜೆ ತಂಗಿಯ ಮನೆಯಲ್ಲಿ ಕಾಫಿ ಮುಂದಿಟ್ಟುಕೊಂಡು ತಂಗಿಯ ಗಂಡ ಗಾಡಿಯ ವರ್ಣನೆ ಮಾಡಿದ್ದೇ ಮಾಡಿದ್ದು. ಉಳಿದ ಕಾಲು ಲಕ್ಷದಲ್ಲಿ ಟೈರು ಹಾಕಿಸುವುದು, ಮೊದಲ ದಿನ ತಂಗಿಯನ್ನು ಸಮುದ್ರದ ದಂಡೆಯವರೆಗೆ ಕರೆದೊಯ್ಯುವುದು. ತಂಗಿ ನಗುತ್ತ, ಸೊಂಟ ಹಿಡಿದುಕೊಂಡು ಅದರೊಳಗೆ ಕೂರುವುದು ಹೇಗೆ, ಏಳುವುದು ಹೇಗೆ ಎಂದು ಕುರ್ಚಿಯ ಮೇಲೇ ಮಾಡಿ ತೋರಿಸಿದಳು. ಮೇಸ್ತ್ರಿಯ ಕಾಫಿ ಕೆನೆ ಕಟ್ಟಿತ್ತು.

“ಆ ಗಾಡಿ ಬೇಡ,” ಎಂದ.

ಟೈರಿನ ಮಾತೇ ಇರಬೇಕೆಂದು ತಂಗಿಯ ಗಂಡ ಸಮಾಧಾನ ಹೇಳಲು ಹೊರಟ.

“ಟೈರಲ್ಲ. ಅದು ಒಂದು ಗಾಡಿ ಅಲ್ಲ, ಎರಡು. ಮಧ್ಯೆ ಕತ್ತರಿಸಿ ಕೂಡಿಸಿದ್ದಾರೆ.”

“ನಿಮಗೆ ಹೇಗೆ ಗೊತ್ತು ಭಾವ?”

“ಕೂಡಿಸಿದ್ದು ನಾನೇ.”

ಮೇಸ್ತ್ರಿ ಎಲ್ಲವನ್ನೂ ಹೇಳಿದ. ಆ ಬೆಸುಗೆ ಮೂವತ್ತು ವರ್ಷ ಹಿಡಿದರೂ ಹಿಡಿದೀತು, ಜೋರಾಗಿ ಒಂದು ಏಟು ಬಿದ್ದರೆ ಅಲ್ಲಿಗೇ ಬಾಯಿ ಬಿಟ್ಟರೂ ಬಿಟ್ಟೀತು, ತನಗೇ ತಿಳಿಯದು ಎಂದ. ತಂಗಿಯ ಗಂಡ ಹೆಚ್ಚೇನೂ ಕೇಳಲಿಲ್ಲ. ಯಾರ್ಡಿನಲ್ಲೇ ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಒಳಗೆ ಹೋದ. ಕೆಲಸದ ಕೋಣೆಯಲ್ಲಿ ಕೆತ್ತಿದ ಹಲ್ಲುಗಳನ್ನು ನಯ ಮಾಡುವ ಸಣ್ಣ ಯಂತ್ರ ಗುಂಯ್‌ಗುಟ್ಟತೊಡಗಿತು.

ತಂಗಿ ಲೋಟಗಳನ್ನು ಎತ್ತಲಿಲ್ಲ.

“ಅಣ್ಣ, ನಮ್ಮ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ಹೇಳ್ತಿದ್ಯಾ?”

ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಂಡು ಹೊರಟ. ಗ್ಯಾರಂಟಿಯ ಹತ್ತಿರ ಮಾತಾಡುತ್ತೇನೆ ಎಂದು ಬಾಗಿಲಲ್ಲಿ ನಿಂತು ಹೇಳಿದ.

ಮಾತಾಡಿದ್ದೂ ನಿಜ. ಮರುದಿನ ಫೋನು ಮಾಡಿ ಆ ಗಾಡಿಯನ್ನು ಮಾರಬೇಡ ಎಂದ. ಗ್ಯಾರಂಟಿ ಜಗಳಕ್ಕೆ ಬರಲಿಲ್ಲ. ನೀವು ಹೇಳಿದ ಮೇಲೆ ಮುಗಿಯಿತು, ಬಿಡಿ ಮೇಸ್ತ್ರಿ, ಬಿಚ್ಚಿ ಬಿಡಿಭಾಗಕ್ಕೆ ಹಾಕಿಬಿಡುತ್ತೇನೆ, ಗ್ಯಾರಂಟಿ ಎಂದ. ಅಷ್ಟು ಸಲೀಸಾಗಿ ಅವನು ಒಪ್ಪುವವನಲ್ಲವೆಂದು ಮೇಸ್ತ್ರಿಗೆ ಗೊತ್ತಿತ್ತು. ಆದರೂ ನಂಬಿದ. ನಂಬಿದರೆ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುತ್ತಿತ್ತು.

ಒಂಬತ್ತನೆಯ ದಿನ ಆ ಬೂದು ಗಾಡಿ ತಾನಾಗಿಯೇ ಶೆಡ್ಡಿನ ಮುಂದೆ ಬಂದು ನಿಂತಿತು. ಇಳಿದವಳು ಎತ್ತರದ ಹೆಂಗಸು, ಒದ್ದೆ ಕೂದಲು, ಬಟ್ಟೆಯಲ್ಲಿ ಈಜುಕೊಳದ ಕ್ಲೋರಿನ್ ವಾಸನೆ. ಮಕ್ಕಳಿಗೆ ಈಜು ಕಲಿಸುವ ಕೆಲಸವಂತೆ. ಗೇಟಿಗೆ ತಾಗಿ ಬಂಪರಿನಲ್ಲಿ ಗೀರು ಬಿದ್ದಿದೆ, ಗಾಡಿ ಮಾರಿದವರೇ ನಿಮ್ಮ ವಿಳಾಸ ಕೊಟ್ಟರು, ಇವರಷ್ಟು ಚೆನ್ನಾಗಿ ಈ ಗಾಡಿಯನ್ನು ಬಲ್ಲವರಿಲ್ಲ ಅಂದರು ಎಂದಳು. ಪಕ್ಕದ ಸೀಟಿನಲ್ಲಿ ಪುಟ್ಟ ಸ್ಕೂಲ್ ಬ್ಯಾಗೊಂದು ಬೆಲ್ಟ್ ಹಾಕಿಸಿಕೊಂಡು ಕೂತಿತ್ತು.

ತನ್ನ ಬಾಯಿಗೆ ಬೀಗ ಬಿದ್ದಿದೆಯೆಂದು ಗ್ಯಾರಂಟಿ ಎಷ್ಟು ಖಚಿತವಾಗಿ ತಿಳಿದಿದ್ದಾನೆ ಎನ್ನುವುದು ಮೇಸ್ತ್ರಿಗೆ ಆಗ ಹೊಳೆಯಿತು. ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ಗೀರು ತಿದ್ದಲು ಅರ್ಧ ಗಂಟೆ ಸಾಕು. ಬಣ್ಣದ ಬಾಟಲಿ ತರಲು ಒಳಗೆ ಹೋದವನು ಬರಿಗೈಯಲ್ಲಿ ಹೊರಗೆ ಬಂದ.

ಬಾಗಿಲು ತೆಗೆಯಲು ಹೇಳಿ, ಕಾರ್ಪೆಟ್ ಎತ್ತಿ, ಬೆಸುಗೆ ತೋರಿಸಿದ. ತನ್ನ ಹೆಬ್ಬೆರಳನ್ನೂ ತೋರಿಸಿದ. ಅವಳಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ನಂಬಿಕೆ ಬರಲಿಲ್ಲ. ಇವನಿಗೂ ಗ್ಯಾರಂಟಿಗೂ ಏನೋ ತಕರಾರಿದ್ದು ತನ್ನನ್ನು ನಡುವೆ ಎಳೆಯುತ್ತಿದ್ದಾನೆಂದುಕೊಂಡಳು. ಮೇಸ್ತ್ರಿ ಸುತ್ತಿಗೆಯ ಹಿಡಿಯಿಂದ ಹೊಸ್ತಿಲನ್ನು ಉದ್ದಕ್ಕೂ ತಟ್ಟುತ್ತ ಹೋದ. ಒಂದು ಜಾಗದಲ್ಲಿ ಸದ್ದು ಬದಲಾಯಿತು. ಅವಳು ಸುತ್ತಿಗೆಯನ್ನು ಕೈಗೆ ತೆಗೆದುಕೊಂಡು ತಾನೇ ತಟ್ಟಿ ನೋಡಿದಳು. ಎರಡು ಸಲ. ಮೂರನೆಯ ಸಲ ತಟ್ಟಲಿಲ್ಲ.

“ಗೊತ್ತಿದ್ದೂ ಮಾಡಿದ್ರಾ?”

“ಯಾರಿಗೆ ಅಂತ ಕೇಳ್ಲಿಲ್ಲ. ಕೇಳಿದ್ರೆ ಗೊತ್ತಾಗ್ತಿತ್ತು. ಅದಕ್ಕೇ ಕೇಳ್ಲಿಲ್ಲ.”

“ವಾರದಿಂದ ನನ್ನ ಮಗಳು ಇದರಲ್ಲೇ ಓಡಾಡ್ತಿದ್ದಾಳೆ,” ಎಂದಳು ಅವಳು. ದನಿ ಏರಲಿಲ್ಲ. ಏರಿದ್ದರೆ ಮೇಸ್ತ್ರಿಗೆ ಹಗುರವಾಗುತ್ತಿತ್ತು.

ಹೇಳಿದ್ದನ್ನೆಲ್ಲ ಬರೆದುಕೊಡಲು ಅವಳು ಕೇಳಿದಳು. ಬರೆದು ಸಹಿ ಹಾಕಿದ. ಅವಳು ಅದನ್ನು ಓದಿ, ಹನ್ನೊಂದು ದಿನ ಎಂದು ಬರೆದ ಕಡೆ ತಾರೀಖನ್ನೂ ಹಾಕಿಸಿ, ಬ್ಯಾಗನ್ನು ಹೆಗಲಿಗೇರಿಸಿಕೊಂಡು ನಡೆದೇ ಹೋದಳು. ಗಾಡಿ ಮೂರು ದಿನ ಶೆಡ್ಡಿನ ಮುಂದೆಯೇ ನಿಂತಿತ್ತು, ಆಮೇಲೆ ಅವಳ ದೂರಿನ ಮೇಲೆ ವಾಹನ ತಪಾಸಣೆಯವರು ಬಂದು ಎಳೆದುಕೊಂಡು ಹೋದರು.

ಮುಂದಿನದು ಕಚೇರಿಗಳ ಮಾತು. ಗ್ಯಾರಂಟಿ ಮೊದಲು ತನಗೇನೂ ತಿಳಿಯದೆಂದ, ಮೇಸ್ತ್ರಿಯೇ ಮೋಸ ಮಾಡಿದನೆಂದ, ಕೊನೆಗೆ ವಕೀಲರ ಮಾತು ಕೇಳಿ ಹೆಂಗಸಿನ ದುಡ್ಡು ವಾಪಸು ಕೊಟ್ಟ. ಮೇಸ್ತ್ರಿಗೆ ದಂಡ ಬಿತ್ತು, ಶೆಡ್ಡಿನ ಪರವಾನಗಿ ನಾಲ್ಕು ತಿಂಗಳು ಅಮಾನತಾಯಿತು. ಇನ್ನೆಷ್ಟು ಗಾಡಿ ಹೀಗೆ ಮಾಡಿದ್ದೀರಿ ಎಂದು ತಪಾಸಣೆಯ ಅಧಿಕಾರಿ ಕೇಳಿದ. ಇದೊಂದೇ ಎಂದ ಮೇಸ್ತ್ರಿ. ನಿಜವೇ. ಆದರೆ ಆ ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ ತನ್ನನ್ನು ನೋಡಿದ ರೀತಿ ಬಹಳ ದಿನ ಅವನ ಬೆನ್ನು ಬಿಡಲಿಲ್ಲ. ಬೂದು ಗಾಡಿಯನ್ನು ಗುಜರಿಗೆ ಹಾಕಿ ಅದುಮಿದಾಗ ಬೆಸುಗೆ ಬಿಟ್ಟಿತೋ ಇಲ್ಲವೋ ಎಂದು ಒಂದು ದಿನ ಯೋಚಿಸುತ್ತ ಕೂತಿದ್ದ. ಬಿಟ್ಟಿರಬಾರದು ಎಂದು ಮನಸ್ಸಿನ ಒಂದು ಮೂಲೆ ಇನ್ನೂ ಆಸೆಪಡುತ್ತಿದ್ದದ್ದು ಗಮನಕ್ಕೆ ಬಂದು ಅವನಿಗೇ ಅಸಹ್ಯವಾಯಿತು.

ತಂಗಿಯ ಗಂಡ ಕೊನೆಗೂ ಗಾಡಿ ಕೊಂಡ. ಹದಿನಾರು ವರ್ಷ ಹಳೆಯ ಕೆಂಪು ಗಾಡಿ, ಆರೂವರೆ ಲಕ್ಷ. ಒಂದು ಭಾನುವಾರ ಅದನ್ನು ಮೇಸ್ತ್ರಿಯ ಮನೆ ಮುಂದೆ ನಿಲ್ಲಿಸಿ, ಇಳಿಯುವ ಮೊದಲೇ ಹೇಳಿದ.

“ಬೇರೆ ಕಡೆ ತೋರಿಸಿ ತಗೊಂಡೆ ಭಾವ. ತಪ್ಪು ತಿಳೀಬೇಡಿ.”

“ಒಳ್ಳೇದು ಮಾಡಿದ್ರಿ,” ಎಂದ ಮೇಸ್ತ್ರಿ. ಬಾಯಿಮಾತಿಗೆ ಹೇಳಿದ್ದಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದ. ಕೈ ಬೆನ್ನ ಹಿಂದೆಯೇ ಕಟ್ಟಿಕೊಂಡಿದ್ದ. ತಗಡಿನ ಮೇಲೆ ಆಡಿಸಲಿಲ್ಲ.

ಪರವಾನಗಿ ಮರಳಿ ಬಂದ ವಾರ ತಂಗಿ ಒಬ್ಬಳೇ ಆ ಕೆಂಪು ಗಾಡಿ ಓಡಿಸಿಕೊಂಡು ಶೆಡ್ಡಿಗೆ ಬಂದಳು. ಯಾವುದೋ ಅಂಗಡಿಯ ಮುಂದಿನ ಕಂಬಕ್ಕೆ ಬಾಗಿಲು ತಾಗಿಸಿ ಅಂಗೈಯಗಲ ತಗ್ಗು ಮಾಡಿಕೊಂಡಿದ್ದಳು. ಗಂಡ ಬೇರೆ ಶೆಡ್ಡಿಗೆ ಒಯ್ಯಲು ಹೇಳಿದ್ದನಂತೆ. ಹಾಗೆಂದು ಅವಳು ಮುಚ್ಚುಮರೆ ಮಾಡದೆ ಹೇಳಿದಳು.

“ಮತ್ತೆ ಇಲ್ಲಿಗ್ಯಾಕೆ ಬಂದೆ?”

“ಅವರಿಗೆ ಇನ್ನೂ ಸ್ವಲ್ಪ ದಿನ ಬೇಕು ಅಣ್ಣ. ನನಗೂ ಬೇಕು. ಬಾಗಿಲಷ್ಟೇ ತಾನೆ, ಮಾಡು.”

ಮೇಸ್ತ್ರಿ ಅವಳಿಗೆ ಸ್ಟೂಲು ಎಳೆದುಕೊಟ್ಟು, ಬಾಗಿಲಿನ ಒಳಹೊದಿಕೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಅವಳ ಅಂಗೈಗೆ ಹಾಕುತ್ತ ಹೋದ. ಅವಳು ಎಣಿಸಿ ಇಟ್ಟುಕೊಂಡಳು.